ಲಕೋಟೆಯೊಳಗಿನ ಸಾಸಿವೆ



ಸಾರು ಕುದಿಯುವಷ್ಟು ಹೊತ್ತು ಈ ಸಲ ವಿಜ್ಞಾನದ ಮಾತಾಡೋಣ. "ನಮಗ್ಯಾಕ್ರೀ ಇದೆಲ್ಲಾ?" ಅಂತ ಪುಟ ತಿರುವಬೇಡಿ. ಇದು ನಮ್ಮ ನಿಮ್ಮ ಕಾಗದಗಳ ಕಥೆಯೂ ಹೌದು.

ಮದುವೆಯಾದ ಹೊಸದರಲ್ಲಿ ನನಗೆ ತವರಿನಿಂದ ಅಮ್ಮನ ಕಾಗದ ಬರುತ್ತಿತ್ತು. ಕೆಲವು ಸಲ ಲಕೋಟೆ ಬಿಚ್ಚಿ ಮತ್ತೆ ಅಂಟಿಸಿದ ಹಾಗೆ ಕಾಣುತ್ತಿತ್ತು. ಯಾರಾದರೂ ಓದಿದರೋ ಇಲ್ಲವೋ ತಿಳಿಯದು, ಕೇಳುವ ಹಾಗೂ ಇಲ್ಲ. ಅಂದಿನಿಂದ ನಾನು ಬರೆದದ್ದೆಲ್ಲ "ಇಲ್ಲಿ ಎಲ್ಲರೂ ಕ್ಷೇಮ" ಅಷ್ಟೇ. ಹಬ್ಬಕ್ಕೆ ಹೋದಾಗ ಅಮ್ಮ ಒಂದು ಉಪಾಯ ಹೇಳಿದಳು: "ಮಡಿಕೆಯೊಳಗೆ ಐದು ಸಾಸಿವೆ ಕಾಳು ಇಡ್ತೀನಿ. ಕಡಿಮೆಯಾಗಿದ್ರೆ ಯಾರೋ ಬಿಚ್ಚಿದ್ದಾರೆ ಅಂತ ತಿಳ್ಕೋ." ಆದರೆ ಜಾಣರಾದವರು ಎಣಿಸಿ ಮತ್ತೆ ಇಟ್ಟರೆ?

ಹಾಗೆ ಮತ್ತೆ ಇಡಲಾಗದ ಸಾಸಿವೆಯನ್ನು ಇಬ್ಬರು ವಿಜ್ಞಾನಿಗಳು ಕಂಡುಹಿಡಿದರು. ಅಮೆರಿಕದ ಚಾರ್ಲ್ಸ್ ಬೆನೆಟ್, ಕೆನಡಾದ ಜಿಲ್ ಬ್ರಸಾರ್. 1984ರ ಡಿಸೆಂಬರಿನಲ್ಲಿ ಅವರ ಪ್ರಬಂಧ ಮಂಡನೆಯಾದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನ ಸಮ್ಮೇಳನದಲ್ಲಿ!

ಅವರ ಸಾಸಿವೆ ಎಂದರೆ ಬೆಳಕಿನ ಕಣ, ಫೋಟಾನ್. ಒಂದೊಂದೇ ಕಣವನ್ನು ನೆಟ್ಟಗೆ, ಅಡ್ಡಕ್ಕೆ ಅಥವಾ ಓರೆಯಾಗಿ ಕಂಪಿಸುವಂತೆ ಮಾಡಿ ಕಳಿಸುತ್ತಾರೆ. ಓರೆಯ ಕಣವನ್ನು ನೆಟ್ಟಗಿನ ಅಳತೆಯಲ್ಲಿ ನೋಡಿದರೆ ಅದರ ಮೊದಲಿನ ಸ್ಥಿತಿ ಕೆಟ್ಟೇ ಹೋಗುತ್ತದೆ. ನಡುವೆ ಕದ್ದು ನೋಡುವವರಿಗೆ ಯಾವ ಕಣಕ್ಕೆ ಯಾವ ಅಳತೆಯೆಂದು ಗೊತ್ತಿರುವುದಿಲ್ಲ. ನಕಲು ಮಾಡಿಟ್ಟುಕೊಳ್ಳಲು ಪ್ರಕೃತಿಯ ನಿಯಮ ಬಿಡದು.

ಆಮೇಲೆ ಕಳಿಸಿದವರೂ ಪಡೆದವರೂ ಒಂದೇ ಅಳತೆ ಬಳಸಿದ ಕಣಗಳಲ್ಲಿ ಕೆಲವನ್ನು ತಾಳೆ ನೋಡುತ್ತಾರೆ. ಎಲ್ಲವನ್ನೂ ಯಾರೋ ನಡುವೆ ನೋಡಿದ್ದರೆ ಸುಮಾರು ನಾಲ್ಕರಲ್ಲಿ ಒಂದು ತಪ್ಪಿರುತ್ತದೆ. ತಪ್ಪು ಹೆಚ್ಚಿದ್ದರೆ ಎಲ್ಲ ಬಿಸಾಡುತ್ತಾರೆ. ಇಲ್ಲದಿದ್ದರೆ ಉಳಿದದ್ದರಿಂದ ಗುಟ್ಟಿನ ಬೀಗದ ಕೈ ತಯಾರು. ನಿಜವಾದ ಕಾಗದ ಹೊರಡುವುದು ಆಮೇಲೆಯೇ, ಆ ಬೀಗ ಹಾಕಿಕೊಂಡು.

1989ರ ಮೊದಲ ಪ್ರಯೋಗದಲ್ಲಿ ಕಣಗಳು ಹೋದದ್ದು ಸುಮಾರು ಒಂದು ಅಡಿ ದೂರ. 2017ರಲ್ಲಿ ಚೀನಾದ ಉಪಗ್ರಹದ ನೆರವಿನಿಂದ ಬೀಜಿಂಗ್ ಮತ್ತು ವಿಯೆನ್ನಾ ಹೀಗೆ ಮಾತಾಡಿದವು. 2021ರಲ್ಲಿ ನಮ್ಮ ಇಸ್ರೋ ಅಹಮದಾಬಾದಿನಲ್ಲಿ 300 ಮೀಟರ್ ದೂರಕ್ಕೆ ಮಾಡಿ ತೋರಿಸಿತು. ನಮ್ಮ ನಿಮ್ಮ ಕೈಯ ಫೋನಿಗೆ ಇದಿನ್ನೂ ಬಂದಿಲ್ಲ. ಬಂದರೂ, ನಾವೇ ಬಾಯಿಬಿಟ್ಟು ಹೇಳಿದ ಓಟಿಪಿಯನ್ನು ಯಾವ ಕಣವೂ ಕಾಯದು, ನೆನಪಿರಲಿ!

ನೋಡಿ, ಇದು ಕದಿಯುವ ಕೈಯನ್ನು ಹಿಡಿಯುವುದಿಲ್ಲ. ಕೈ ಹಾಕಿದ್ದನ್ನು ಹೇಳಿಬಿಡುತ್ತದೆ. ಅಂದು ನನಗೆ ಬೇಕಾಗಿದ್ದದ್ದೂ ಅಷ್ಟೇ. ಈಗ ಹಾಸ್ಟೆಲಿನಿಂದ ಬಂದ ಮಗಳ ಫೋನು ಮೇಜಿನ ಮೇಲೇ ಇರುತ್ತದೆ. ನಾನು ಮುಟ್ಟುವುದಿಲ್ಲ. ಅವಳಾಗಿ ಪಕ್ಕ ಕೂತು ಹೇಳುತ್ತಾಳೆ.

ಸಾರು ಕುದಿಯಿತು, ಬರಲೇ?