ಎದುರು ಸಾಲಿನಲ್ಲಿದ್ದವರೂ ನಮ್ಮವರೇ

ಬ್ರಿಟಿಷರ ವಿರುದ್ಧ ನರಗುಂದದ ಅರಸ ಬಾಬಾಸಾಹೇಬರು ನಡೆಸಿದ ಬಂಡಾಯ ಗೊತ್ತಿಲ್ಲದವರು ನರಗುಂದದ ಸುತ್ತಮುತ್ತ ವಿರಳ. 1858ರ ಮೇ ಕೊನೆಯಲ್ಲಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಬಂಡಾಯಗಾರರಿಂದ ಹತನಾದ. ಆತನ ರುಂಡವನ್ನು ನರಗುಂದದಲ್ಲಿ ಪ್ರದರ್ಶಿಸಲಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು.

ನಾವು ನೆನೆಯದ ಇನ್ನೊಂದು ಸಂಗತಿಯಿದೆ. ಮ್ಯಾನ್ಸನ್‌ಗೆ ಕಾವಲಿದ್ದವರು, ಬ್ರಿಟಿಷ್ ಸೇನೆಯ ಕರ್ನಲ್ ಮಾಲ್ಕಮ್ ಜೊತೆ ನರಗುಂದದ ಮೇಲೆ ಏರಿ ಬಂದವರು ಬರೀ ಬಿಳಿಯರಲ್ಲ. ‘ಸದರ್ನ್ ಮರಾಠಾ ಹಾರ್ಸ್’ ಕುದುರೆ ಪಡೆಯ ದೇಶೀ ಸವಾರರೂ ಅಲ್ಲಿದ್ದರು.

ಪರರ ಪಡೆ ಸೇರಿದವರ ಇಂಥ ಕಥೆಗಳು ಜಗತ್ತಿನ ಬೇರೆಡೆಯೂ ಇವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಉಕ್ರೇನಿಯನ್ನರಿಂದ ಸಹಾಯಕ ಪೊಲೀಸ್ ಪಡೆಗಳನ್ನೂ, 1943ರಲ್ಲಿ ‘ಗಲೀಷಿಯಾ’ ಎಂಬ ಸೇನಾ ಡಿವಿಜನ್ನನ್ನೂ ಕಟ್ಟಿತು. ಸೋವಿಯತ್ ಆಡಳಿತದ ಮೇಲಿನ ಸಿಟ್ಟು, ಸ್ವಂತ ನಾಡಿನ ಆಸೆ ಹಲವರನ್ನು ಅತ್ತ ಎಳೆದವು. ಆದರೆ ಆ ಪೊಲೀಸ್ ಪಡೆಗಳು ಯಹೂದಿಗಳ ಹತ್ಯಾಕಾಂಡದಲ್ಲಿ ಕೈಜೋಡಿಸಿದವು. ಆ ಪಾತಕಕ್ಕೆ ಯಾವ ಆಸೆಯೂ ಸಮಜಾಯಿಷಿ ಆಗದು. ಅದೇ ವೇಳೆ ಲಕ್ಷಾಂತರ ಉಕ್ರೇನಿಯನ್ನರು ಕೆಂಪು ಸೇನೆಯಲ್ಲಿದ್ದು ಜರ್ಮನಿಯ ವಿರುದ್ಧ ಹೋರಾಡಿದರು ಎಂಬುದೂ ಅಷ್ಟೇ ಸತ್ಯ.

ನರಗುಂದದ ಸವಾರರನ್ನು ಆ ಪೊಲೀಸ್ ಪಡೆಗಳೊಂದಿಗೆ ಸಮೀಕರಿಸುವುದು ತಪ್ಪು. ಆದರೆ ಪಾಠ ಒಂದೇ: ಪರರ ಪಡೆ ಸೇರಿದವರಿಗೆ ಸಾರಾಸಗಟು ದ್ರೋಹಿಪಟ್ಟ ಕಟ್ಟುವುದೂ ಬೇಡ, ಅವರ ಕಥೆಯನ್ನು ಮುಚ್ಚಿಡುವುದೂ ಬೇಡ. ಯಾರು, ಏಕೆ ಸೇರಿದರು, ಏನು ಮಾಡಿದರು ಎಂದು ವಿಚಾರಿಸಬೇಕು. ರೋಣ, ನರಗುಂದ, ಗಜೇಂದ್ರಗಡದ ಕಾಲೇಜುಗಳು ದಫ್ತರಗಳನ್ನು ತೆರೆದು ಈ ಕೆಲಸಕ್ಕೆ ಕೈಹಾಕಲಿ. ನರಗುಂದದ ಗುಡ್ಡದಲ್ಲಿ ಆ ಸವಾರರ ಬಗ್ಗೆಯೂ ಒಂದು ಫಲಕ ನಿಲ್ಲಲಿ. ಪೂರ್ತಿ ಚರಿತ್ರೆ ಹೇಳಿದರೆ ಬಾಬಾಸಾಹೇಬರ ಹಿರಿಮೆ ಕುಂದುವುದಿಲ್ಲ.