ಜೀರುಂಡೆಯನ್ನು ಬೋರಲು ಮಾಡಿ ನೋಡಿರಿ

ಮಿರಗದ ಮಳೆ ಸಮೀಪಿಸಿತೆಂದರೆ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರ ವಿಚಾರಣೆ ಬಹುತೇಕ ಒಂದೇ ಬಗೆಯದಾಗಿರುತ್ತದೆ. ಬುಡಕ್ಕೆ ಯಾವ ಔಷಧ ಹಾಕಬೇಕು? ಎಕರೆಗೆ ಎಷ್ಟು? ಯಾವ ಹುಳು ಬಿದ್ದಿದೆ, ಅದನ್ನು ಕಣ್ಣಾರೆ ಕಂಡಿರಾ ಎಂದು ನಾವು ತಿರುಗಿ ಕೇಳಿದರೆ ಹಲವರಿಗೆ ಬೇಸರ. ಹುಳು ಅಂದರೆ ಹುಳು, ಅದರ ಕುಲಗೋತ್ರ ಕಟ್ಟಿಕೊಂಡು ಸಂಘಕ್ಕೇನು ಎಂಬ ಮಾತು ಕಳೆದ ಸಭೆಯಲ್ಲಿಯೂ ಬಂದಿತು. ಕುಲಗೋತ್ರ ಕೇಳದೆ ಔಷಧ ಕೊಡಬಾರದೆಂಬುದೇ ನನ್ನ ಖಚಿತ ಅಭಿಪ್ರಾಯ. ಜೀರುಂಡೆಯ ಉದಾಹರಣೆಯಿಂದ ಅದನ್ನು ವಿವರಿಸಲು ಬಯಸುತ್ತೇನೆ.

ಮೊದಲು ಹೆಸರಿನ ಗೊಂದಲ. ನಮ್ಮ ಆಡುಮಾತಿನಲ್ಲಿ ರಾತ್ರಿ ಗೋಡೆಯ ಸಂದಿಯಲ್ಲಿ ಕೂಗುವ ಚಿಮ್ಮಂಡೆಯೂ ಜೀರುಂಡೆ, ದೀಪಕ್ಕೆ ಬಂದು ಬಡಿಯುವ ದುಂಬಿಯೂ ಜೀರುಂಡೆ, ಹಗಲೆಲ್ಲ ಮರದ ಕಾಂಡಕ್ಕೆ ಅಂಟಿ ಕಿವಿ ತೂತು ಬೀಳುವಂತೆ ಕೂಗುವುದೂ ಜೀರುಂಡೆ. ನಾನು ಹೇಳುತ್ತಿರುವುದು ಈ ಮೂರನೆಯದರ ವಿಷಯ. ಇಂಗ್ಲಿಷಿನಲ್ಲಿ ಇದಕ್ಕೆ ಸಿಕಾಡ ಎನ್ನುತ್ತಾರೆ. ಚಿಮ್ಮಂಡೆಗೆ ಉದ್ದನೆಯ ಮೀಸೆ, ಜಿಗಿಯುವ ಹಿಂಗಾಲು. ಅದು ರೆಕ್ಕೆಗೆ ರೆಕ್ಕೆ ತಿಕ್ಕಿ ಸಪ್ಪಳ ಮಾಡುತ್ತದೆ. ಸಿಕಾಡಕ್ಕೆ ಮೀಸೆ ಎಂದರೆ ಎರಡು ಗಿಡ್ಡ ಕೂದಲು ಅಷ್ಟೆ. ಎರಡು ದೊಡ್ಡ ಕಣ್ಣುಗಳ ನಡುವೆ ಮೂರು ಪುಟ್ಟ ಕಣ್ಣುಗಳಿರುತ್ತವೆ, ಕೆಳಗೆ ಸೂಜಿಯಂಥ ಕೊಂಡಿ ಇರುತ್ತದೆ. ಗಂಡಿನ ಹೊಟ್ಟೆಯ ಬುಡದಲ್ಲಿ ಎರಡೂ ಬದಿಗೆ ತಮಟೆಯಂಥ ಪೊರೆಗಳಿದ್ದು, ಅವುಗಳನ್ನು ಒಳಗಿನ ಸ್ನಾಯುಗಳು ಎಳೆದೆಳೆದು ಬಿಡುವುದರಿಂದ ಆ ಕೂಗು ಹುಟ್ಟುತ್ತದೆ. ಹೆಣ್ಣು ಹೀಗೆ ಕೂಗುವುದಿಲ್ಲ.

ಕಿತ್ತೂರು ಭಾಗದ ಹಿರಿಯ ಸದಸ್ಯರೊಬ್ಬರು ಅಡಿಕೆ ಬುಡ ಕೆದರುವಾಗ ಸಿಕ್ಕ ನಾಲ್ಕು ಹುಳುಗಳನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದರು. "ಸೆಕ್ರೆಟರಿ ಸಾಹೇಬ್ರ, ಗೊಣ್ಣಿ ಹುಳಾ ಬಿದ್ದಾವ್ರಿ. ಹರಳ ಔಷಧಾ ಕೊಡ್ರಿ" ಎಂದರು. ಡಬ್ಬಿ ತೆರೆದರೆ ಒಂದು ಮಾತ್ರ ಗೊಣ್ಣೆ. ಉಳಿದ ಮೂರು ಸಿಕಾಡದ ಮರಿಗಳು. "ಯಜಮಾನ್ರ, ಇದರ ಬಾಯಿ ಎಲ್ಲೈತಿ ನೋಡ್ರಿ" ಎಂದು ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿ, "ಹಲ್ಲ ಇಲ್ಲಲ್ರೀ ಇದಕ್ಕ, ಸೂಜಿ ಐತಿ!" ಎಂದರು. ಅಷ್ಟು ಕಂಡರೆ ಅರ್ಧ ಕೆಲಸ ಆಯಿತು. ಗೊಣ್ಣೆ ಹುಳು ಬೆಳ್ಳಗೆ, ಮೆತ್ತಗೆ, ಕುಡುಗೋಲಿನಂತೆ ಬಾಗಿರುತ್ತದೆ. ಕಂದು ತಲೆಯಲ್ಲಿ ಗಟ್ಟಿ ದವಡೆಗಳಿದ್ದು ಬೇರನ್ನೇ ಕತ್ತರಿಸಿ ತಿನ್ನುತ್ತದೆ. ಸಿಕಾಡದ ಮರಿ ಕಂದು ಬಣ್ಣದ್ದು, ಬೆನ್ನು ಗೂನು, ಮುಂಗಾಲುಗಳು ಮಣ್ಣು ಅಗೆಯುವ ಗುದ್ದಲಿಯಂತೆ ದಪ್ಪ. ಅದು ಬೇರಿನ ನೀರುರಸವನ್ನು ಹೀರುತ್ತದೆಯೇ ಹೊರತು ಬೇರನ್ನು ಕಡಿಯುವುದಿಲ್ಲ. ವರ್ಷಗಟ್ಟಲೆ ಮಣ್ಣಿನಲ್ಲಿದ್ದು, ಕೊನೆಗೊಂದು ರಾತ್ರಿ ಮೇಲೆ ಬಂದು, ಕಾಂಡದ ಮೇಲೆ ಅಂಗಿ ಕಳಚಿಟ್ಟು ಹಾರಿಹೋಗುತ್ತದೆ. ನಾಲ್ಕಾರು ಮರಿಗಳಿಂದ ಅಡಿಕೆ ಮರ ಸಾಯುವುದಿಲ್ಲ. ಅವುಗಳಿಗಾಗಿ ವಿಷ ಸುರಿದರೆ ದುಡ್ಡು ಹೋಗುವುದಲ್ಲದೆ ಎರೆಹುಳುವೂ ಹೋಗುತ್ತದೆ. ಹಳೆಯ ರೂಢಿಯಂತೆ ಇನ್ನೂ ಕೆಲವರು ಕೇಳುವ ಫೋರೇಟ್ ಹರಳಿನ ಮಾರಾಟ ಮತ್ತು ಬಳಕೆ 2020ರ ಕೊನೆಯಿಂದ ದೇಶದಲ್ಲಿ ನಿಷಿದ್ಧವಾಗಿದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಹಾಗಾದರೆ ಸಿಕಾಡವೆಲ್ಲ ಸಾಧುವೇ? ಅಲ್ಲ. ಬ್ರೆಜಿಲ್ ದೇಶದಲ್ಲಿ ಕ್ವೆಸಾಡ ಗಿಗಾಸ್ ಎಂಬ ದೊಡ್ಡ ಸಿಕಾಡದ ಮರಿಗಳು ಕಾಫಿ ಗಿಡದ ಬೇರಿಗೆ ಹತ್ತಿ ತೋಟಗಳನ್ನೇ ಸೊರಗಿಸುತ್ತವೆ. ಜಪಾನಿನ ಓಕಿನಾವಾ ದ್ವೀಪದಲ್ಲಿ ಮೊಗಾನಿಯಾ ಮಿನುಟ ಎಂಬ ಪುಟ್ಟ ಸಿಕಾಡ ಕೂಳೆ ಕಬ್ಬಿಗೆ ಪೀಡೆಯಾಯಿತು. ಕಬ್ಬಿನ ನಡುವೆಯೇ ಅಡಿಕೆ ಹಚ್ಚಿಕೊಂಡಿರುವ ನಮ್ಮಂಥವರು ಕಿವಿಗೊಡಬೇಕಾದ ಸಂಗತಿ ಇದು. ಒಂದೇ ಮನೆತನದಲ್ಲಿ ಒಬ್ಬ ಸಾಧು, ಇನ್ನೊಬ್ಬ ಕಳ್ಳ. ಮುಖ ನೋಡಿ ಗುರುತು ಹಿಡಿಯದೆ ಬೇರೆ ಮಾರ್ಗವಿಲ್ಲ.

ಈ ಗುರುತು ಹಿಡಿಯುವ ಕೆಲಸ ಪಂಡಿತರಿಗೂ ಸುಲಭವಾಗಿರಲಿಲ್ಲ. ದಕ್ಷಿಣ ಭಾರತದ ಹಸಿರು ಕಾಡುಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಸಿಕಾಡವನ್ನು ಬಹುಕಾಲ ಪುರಾನಾ ಟೈಗ್ರಿನಾ ಎಂದೇ ಕರೆಯಲಾಗುತ್ತಿತ್ತು. ಆ ಹೆಸರು 1850ರಲ್ಲಿ ವಾಕರ್ ಎಂಬ ಪಂಡಿತರು ಇಟ್ಟದ್ದು. ಡಿಸ್ಟಂಟ್ ಅವರು 1906ರಲ್ಲಿ ಬ್ರಿಟಿಷ್ ಇಂಡಿಯಾದ ಕೀಟಗಳ ಗ್ರಂಥದಲ್ಲಿ ಸಿಕಾಡಗಳನ್ನು ವಿವರಿಸಿದ ಮೇಲೂ ಹೆಸರು ಹಾಗೆಯೇ ನಡೆದುಬಂದಿತು. ಈಚಿನ ವರ್ಷಗಳಲ್ಲಿ ಕೇರಳದ ಕಲೇಶ್ ಸದಾಶಿವನ್ ಅವರು ನಮ್ಮ ಕಡೆಯ ಹುಳುವನ್ನು ಕೂಲಂಕಷವಾಗಿ ಹೋಲಿಸಿ ನೋಡಿ, ಟೈಗ್ರಿನಾ ಮಲೇಷ್ಯಾ ಕಡೆಯದು, ಇದು ಬೇರೆಯೇ ಎಂದು ತೋರಿಸಿದರು. ಮಲಯಾಳದಲ್ಲಿ ಜೀರುಂಡೆಗಿರುವ ಚೀವೀಡು ಎಂಬ ಹೆಸರನ್ನೇ ತೆಗೆದುಕೊಂಡು ಇದಕ್ಕೆ ಪುರಾನಾ ಚೀವೀಡಾ ಎಂದು ನಾಮಕರಣವಾಯಿತು. ಗೋವೆಯಿಂದ ಕನ್ಯಾಕುಮಾರಿವರೆಗಿನ ಕಾಡುಗಳಲ್ಲಿ ಇದು ಇರಬಹುದೆಂದು ಅಭಿಪ್ರಾಯ. ಅಂದರೆ ನಮ್ಮ ಕಿತ್ತೂರಿನ ಪಶ್ಚಿಮಕ್ಕೆ, ಖಾನಾಪುರ, ಭೀಮಗಡದ ಕಾಡುಗಳೂ ಆ ಸೀಮೆಯೊಳಗೇ ಬಂದವು.

ಈ ಗುಂಪಿನಲ್ಲಿ ಬೆನ್ನ ಬಣ್ಣ ನೋಡಿ ತೀರ್ಮಾನಕ್ಕೆ ಬರಬಾರದು. ಹಸಿರು ಬಣ್ಣ ಒಣಗಿದ ಮೇಲೆ ಮಾಸಿ ಕಂದಾಗುತ್ತದೆ. ಹುಳುವನ್ನು ಬೋರಲು ಮಾಡಿ ಹೊಟ್ಟೆಯ ಕಡೆ ನೋಡಬೇಕು. ಗಂಡಿಗೆ ಹಿಂಗಾಲಿನ ಬುಡದಿಂದ ಹಿಂದಕ್ಕೆ ಎರಡು ಮುಚ್ಚಳಗಳಿರುತ್ತವೆ. ಅವು ಎಷ್ಟು ಉದ್ದ, ತುದಿ ದುಂಡಗೋ ಚೂಪೋ, ಒಂದಕ್ಕೊಂದು ತಾಗುತ್ತವೆಯೋ ನಡುವೆ ಅಂತರ ಇದೆಯೋ ಎಂಬುದು ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಪುರಾನಾ ಕುಲದ ಗಂಡುಗಳಲ್ಲಿ ಹೊಟ್ಟೆಯ ಮೂರು ಮತ್ತು ನಾಲ್ಕನೆಯ ಪಟ್ಟಿಗಳ ಬದಿಯಲ್ಲಿ ಸಣ್ಣ ಗುಬುಟುಗಳಿರುತ್ತವೆ. ಮುಂದಿನ ರೆಕ್ಕೆ ಗಾಜಿನಂತಿದ್ದರೂ ಅಡ್ಡನರಗಳ ಮೇಲೆ ಮಸಿ ಚುಕ್ಕೆ ಇದೆಯೋ, ಎಷ್ಟಿವೆ ಎಂದು ಎಣಿಸಬೇಕು. ಇಷ್ಟಾದರೂ ಅನುಮಾನ ಉಳಿದರೆ ಗಂಡಿನ ಬಾಲದ ತುದಿಯ ಅಂಗಗಳನ್ನು ಸೂಕ್ಷ್ಮದರ್ಶಕದಡಿ ನೋಡುವುದೊಂದೇ ದಾರಿ, ಅದು ತಜ್ಞರ ಕೆಲಸ. ಪ್ಲಾಟಿಪ್ಲೂರ ಎಂಬ ಇನ್ನೊಂದು ಕುಲವಿದೆ. ಅದನ್ನು ಗುರುತಿಸಲು ಇಷ್ಟು ತಾಪತ್ರಯವಿಲ್ಲ: ಗಿಡ್ಡ, ದಪ್ಪ ಮೈ, ಹೆಗಲು ಎರಡೂ ಬದಿಗೆ ಚಾಚಿರುತ್ತದೆ, ರೆಕ್ಕೆ ಮರದ ತೊಗಟೆಯಂತೆ ಮಚ್ಚೆ ಮಚ್ಚೆ.

ಅಮೆರಿಕದಲ್ಲಿ 17 ವರ್ಷಕ್ಕೊಮ್ಮೆ ಮೇಲೇಳುವ ಸಿಕಾಡಗಳ ಕಥೆಯೂ ಇದೇ. ಕಪ್ಪು ಮೈ, ಕೆಂಪು ಕಣ್ಣು. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ. ಬೋರಲು ಮಾಡಿದರೆ ಒಂದರ ಹೊಟ್ಟೆಗೆ ಅಗಲವಾದ ಕಿತ್ತಳೆ ಪಟ್ಟೆ, ಇನ್ನೊಂದಕ್ಕೆ ಪೂರ್ತಿ ಕಪ್ಪು, ಮತ್ತೊಂದಕ್ಕೆ ಸಣ್ಣ ಗೆರೆ. ಮೊದಲನೆಯದಕ್ಕೆ ಲಿನ್ನೇಯಸ್ 1758ರಲ್ಲಿಯೇ ಹೆಸರಿಟ್ಟರೂ ಮೂರನೆಯದು ಬೇರೆಯೆಂದು ತಿಳಿದದ್ದು 1962ರಲ್ಲಿ. ಕೂಗು ಬೇರೆ ಇದ್ದದ್ದೂ ಅದಕ್ಕೆ ನೆರವಾಯಿತು. ನಮ್ಮ ದೇಶದ ಮೇಘಾಲಯದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಏಳುವ ಒಂದು ಸಿಕಾಡವಿದೆ. ರೀ ಭೋಯ್ ಜಿಲ್ಲೆಯ ಜನ ಹಿಂದಿನಿಂದಲೂ ಅದನ್ನು ಬಲ್ಲವರು, ಹಿಡಿದು ತಿನ್ನುವವರು. ವಿಜ್ಞಾನದ ಹೆಸರು ಅದಕ್ಕೆ ಬಂದದ್ದು 2013ರಲ್ಲಿ. ಊರವರ ಕಣ್ಣು ಪುಸ್ತಕಕ್ಕಿಂತ ಮುಂದಿರಬಲ್ಲದು ಎಂಬುದಕ್ಕೇ ಇದನ್ನು ಹೇಳಿದೆ.

ಸಿಕಾಡ ಬಿಟ್ಟು ನಿಜವಾದ ಪೀಡೆಗಳಿಗೆ ಬಂದರೆ ಈ ಕಣ್ಣಿನ ಬೆಲೆ ರೂಪಾಯಿಯಲ್ಲಿಯೇ ತಿಳಿಯುತ್ತದೆ. ಕಾಫಿಯ ಹಿಟ್ಟುತಿಗಣೆಯನ್ನೇ ನೋಡಿರಿ. ಪ್ಲಾನೊಕಾಕಸ್ ಸಿಟ್ರಿ, ಪ್ಲಾನೊಕಾಕಸ್ ಲಿಲಾಸಿನಸ್ ಎಂದು ಎರಡು ಬಗೆ, ಎರಡಕ್ಕೂ ಮೈತುಂಬ ಬಿಳಿ ಹಿಟ್ಟು. ಲೆಪ್ಟೊಮಾಸ್ಟಿಕ್ಸ್ ಎಂಬ ಪುಟ್ಟ ಕಣಜವನ್ನು 1983ರಲ್ಲಿ ಟ್ರಿನಿಡಾಡ್‌ನಿಂದ ತರಿಸಲಾಯಿತು. ಅದು ಸಿಟ್ರಿಯಲ್ಲಿ ಮೊಟ್ಟೆಯಿಟ್ಟು ಕೊಲ್ಲುತ್ತದೆ, ಲಿಲಾಸಿನಸ್ಸಿನ ಗೊಡವೆಗೆ ಹೋಗುವುದಿಲ್ಲ. ತೋಟದಲ್ಲಿರುವುದು ಎರಡನೆಯದಾಗಿದ್ದರೆ ಕಣಜಕ್ಕೆ ಕೊಟ್ಟ ಹಣ ಗಾಳಿಗೆ. ಗೊಣ್ಣೆ ಹುಳುವಿನಲ್ಲಿಯೂ ಹಾಗೆ: ಬೈಲಹೊಂಗಲದ ಕಬ್ಬಿನಲ್ಲಿ ಕಾಣುವ ಹೊಲೊಟ್ರೈಕಿಯಾ ಬೇರೆ, ಅಡಿಕೆ ಬೇರಿನ ಲ್ಯುಕೊಫೋಲಿಸ್ ಬೇರೆ. ಮರಿಯ ಹಿಂತುದಿಯ ಕೆಳಗಿನ ಸಣ್ಣ ಮುಳ್ಳುಗಳ ಸಾಲು ನೋಡಿ ಇವನ್ನು ಬೇರ್ಪಡಿಸುತ್ತಾರೆ. ಹೊಲೊಟ್ರೈಕಿಯಾ ಸೆರಾಟದ ದುಂಬಿಗಳು ಮೊದಲ ಮಳೆಗೆ ಎದ್ದು ಬೇವಿನ ಮರಕ್ಕೆ ಮುತ್ತುತ್ತವೆ. ಆ ರಾತ್ರಿ ಊರೆಲ್ಲ ಸೇರಿ ಮರ ಅಲುಗಿಸಿ ಆರಿಸಿ ಕೊಂದರೆ ಔಷಧದ ಖರ್ಚೇ ಉಳಿದೀತು.

ಆದ್ದರಿಂದ ಸಂಘದ ಮುಂದೆ ನಾನಿಡುವ ಸೂಚನೆ ಇದು. ಹುಳು ನೋಡದೆ ಮಣ್ಣಿನ ಔಷಧಕ್ಕೆ ಚೀಟಿ ಬರೆಯುವುದನ್ನು ನಿಲ್ಲಿಸೋಣ. ಕಚೇರಿಯಲ್ಲಿ ಒಂದು ಭೂತಗನ್ನಡಿ, ಒಂದು ಮಾದರಿ ಪೆಟ್ಟಿಗೆ ಇರಲಿ. ಕಿತ್ತೂರಿನ ಕಾಡಂಚಿನಿಂದ ಬೈಲಹೊಂಗಲದ ಎರೆ ಹೊಲ, ಸವದತ್ತಿಯ ನವಿಲುತೀರ್ಥದ ಹಿನ್ನೀರು, ರಾಮದುರ್ಗದ ಕಲ್ಲುಗುಡ್ಡದವರೆಗೆ ಮಳೆಯೂ ಮಣ್ಣೂ ಎಷ್ಟು ಬದಲಾಗುತ್ತದೆಂಬುದು ಬಸ್ಸಿನಲ್ಲಿ ಕುಳಿತವರಿಗೂ ಗೊತ್ತು, ಹುಳುಗಳೂ ಬದಲಾಗುತ್ತವೆ. ನಾಲ್ಕೂ ತಾಲ್ಲೂಕುಗಳ ಸದಸ್ಯರು ತಂದರೆ ಎರಡು ವರ್ಷದಲ್ಲಿ ಒಂದು ಪಟ್ಟಿಯೇ ಆದೀತು. ಇದಕ್ಕೆ ತಗಲುವ ವೆಚ್ಚ ಒಂದು ಡಬ್ಬಿ ಕೀಟನಾಶಕದ್ದಕ್ಕಿಂತ ಹೆಚ್ಚಾಗಲಾರದು. ಶಾಲೆಗೆ ಹೋಗುವ ಮಕ್ಕಳಿಗೆ ಹೇಳಿದರೆ ಕಳಚಿದ ಅಂಗಿಗಳನ್ನು ಜೇಬು ತುಂಬ ತಂದುಕೊಡುತ್ತಾರೆ, ಅವೂ ಉಪಯೋಗಕ್ಕೆ ಬರುತ್ತವೆ.

ತರುವವರು ಸಿಕಾಡವನ್ನು ಒಣಗಿದ ಕಾಗದದಲ್ಲಿ ಸುತ್ತಿ ತನ್ನಿರಿ, ಸಾಧ್ಯವಾದರೆ ಕೂಗುತ್ತಿದ್ದ ಗಂಡನ್ನೇ. ಹಿಡಿಯುವ ಮೊದಲು ಅದರ ಕೂಗನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿರಿ, ಬಣ್ಣ ಮಾಸುವ ಮುನ್ನ ಬೆನ್ನು, ಹೊಟ್ಟೆ ಎರಡೂ ಕಡೆಯ ಫೋಟೊ ತೆಗೆಯಿರಿ. ಗೊಣ್ಣೆಯನ್ನು ಬಿಸಿನೀರಿಗೆ ಹಾಕಿ ತೆಗೆದು ಸ್ಪಿರಿಟ್ಟಿನಲ್ಲಿ ಇಡಬೇಕು, ಇಲ್ಲವಾದರೆ ಕಪ್ಪಾಗುತ್ತದೆ. ಊರು, ತಾರೀಖು, ಯಾವ ಗಿಡದ ಬುಡ ಅಥವಾ ಕಾಂಡ ಎಂಬ ಮೂರು ಮಾತು ಪೆನ್ಸಿಲ್‌ನಿಂದ ಚೀಟಿಯಲ್ಲಿ ಬರೆದಿರಲಿ. ನಮಗೆ ತಿಳಿಯದಿದ್ದನ್ನು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ಒಯ್ದು ತೋರಿಸುವ ಹೊಣೆ ಕಚೇರಿಯದು. ಚೀಟಿ ಇಲ್ಲದ ಡಬ್ಬಿಯನ್ನು ಮಾತ್ರ ದಯವಿಟ್ಟು ತರಬೇಡಿರಿ.