ಶಾಲೆಯ ಮಾಳಿಗೆಯ ಮಳೆಗೆ ಮಕ್ಕಳೇ ಲೆಕ್ಕ ಇಡಲಿ

ಪೋಷಕರೇ, ಶಿಕ್ಷಕರೇ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೇ,

ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಪಾಠ ಬಂತು, ಪರೀಕ್ಷೆಯೂ ಬಂತು. ಆದರೆ ಮಳೆನೀರು ಸಂಗ್ರಹದ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಮಗು ಕುಡಿಯುತ್ತಿರುವುದು ಬಹುಪಾಲು ಕೊಳವೆಬಾವಿಯ ನೀರನ್ನೇ. ಪಾವಗಡ, ಮುಂಡರಗಿಯಂಥ ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಆ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲು ಮೂಡುವ ವಯಸ್ಸಿನಲ್ಲಿ ಅದನ್ನೇ ಕುಡಿದ ಮಕ್ಕಳ ಹಲ್ಲಿಗೆ ಹತ್ತಿದ ಕಂದುಕಲೆ ಎಷ್ಟು ಉಜ್ಜಿದರೂ ಹೋಗದು. ಮಾಳಿಗೆಯ ಮೇಲೆ ಬೀಳುವ ಮಳೆಯಲ್ಲಾದರೋ ಈ ದೋಷ ಇಲ್ಲವೆನ್ನುವಷ್ಟು ಕಡಿಮೆ.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 500 ಮಿ.ಮೀ. ಮಳೆಯಾಗುವ ಒಣ ಊರಿನಲ್ಲೂ 100 ಚದರ ಮೀಟರಿನ ಮಾಳಿಗೆಗೆ 50,000 ಲೀಟರ್ ಬೀಳುತ್ತದೆ. ಐದರಲ್ಲೊಂದು ಪಾಲು ಪೋಲಾದರೂ 40,000 ಲೀಟರ್ ಉಳಿಯುತ್ತದೆ: ನೂರು ಮಕ್ಕಳಿಗೆ, ದಿನಕ್ಕೆ ಎರಡು ಲೀಟರಿನಂತೆ, 200 ಶಾಲಾ ದಿನಗಳಿಗೆ ಸಾಕು. ತೊಟ್ಟಿ ಚಿಕ್ಕದಾದರೆ ಅಷ್ಟನ್ನೂ ಹಿಡಿಯಲಾಗದು, ನಿಜ. ಹಿಡಿದಷ್ಟೂ ಒಳ್ಳೆಯ ನೀರೇ. ರಾಜ್ಯದ ಸುವರ್ಣ ವರ್ಷದಲ್ಲಿ ಬಂದ ‘ಸುವರ್ಣ ಜಲ’ ಯೋಜನೆ ಇದೇ ಉದ್ದೇಶದಿಂದ ಸಾವಿರಾರು ಹಳ್ಳಿ ಶಾಲೆಗಳಿಗೆ ತೊಟ್ಟಿ ಕೊಟ್ಟಿತು. ಅವುಗಳಲ್ಲಿ ಎಷ್ಟೋ ಇಂದು ಪೈಪ್ ಮುರಿದು, ನಲ್ಲಿ ಕಿತ್ತು ಹಾಳುಬಿದ್ದಿವೆ. ತೊಟ್ಟಿ ಕಟ್ಟಲು ಗುತ್ತಿಗೆದಾರರಿದ್ದರು, ನೋಡಿಕೊಳ್ಳಲು ಯಾರೂ ಇರಲಿಲ್ಲ. ಆ ಜವಾಬ್ದಾರಿ ಪಾಠದ ಭಾಗವಾಗಬೇಕೆಂಬುದೇ ನಮ್ಮ ವಾದ. ಮಳೆಮಾಪಕ ನೋಡಿ ಬರೆದಿಡುವುದು, ತೊಟ್ಟಿಯ ಮಟ್ಟ ಅಳೆಯುವುದು, ಬೇಸಿಗೆಗೆ ಎಷ್ಟು ಉಳಿದೀತೆಂದು ಲೆಕ್ಕ ಹಾಕುವುದು: ಗಣಿತ, ವಿಜ್ಞಾನ ಎರಡೂ ಇದರಲ್ಲೇ ಇವೆ.

ಶಿಕ್ಷಕರಿಗೆ ಈಗಾಗಲೇ ಹೊರೆ ಹೆಚ್ಚು ಎಂಬ ಆಕ್ಷೇಪ ನ್ಯಾಯವಾದದ್ದು. ಆದ್ದರಿಂದ ಇದು ಹೊಸ ಪಿರಿಯಡ್ ಆಗಕೂಡದು, ಇರುವ ಪಾಠದ ಚಟುವಟಿಕೆಯ ಜಾಗವನ್ನೇ ತುಂಬಬೇಕು. ಮಕ್ಕಳ ಕೈಯಲ್ಲಿ ಕೂಲಿ ಕೆಲಸ ಮಾಡಿಸುತ್ತೀರಾ ಎಂದು ಕೇಳುವವರಿಗೆ ನಮ್ಮ ಉತ್ತರ ಸ್ಪಷ್ಟ: ಮಾಳಿಗೆ ಹತ್ತುವುದು, ತೊಟ್ಟಿಗೆ ಇಳಿದು ತೊಳೆಯುವುದು ದೊಡ್ಡವರ ಕೆಲಸ, ಮಕ್ಕಳದು ಅಳತೆ, ದಾಖಲೆ, ಪರೀಕ್ಷೆ. ನೀರು ಕೆಟ್ಟರೆ ಎಂಬ ಭಯವೇ ಎಲ್ಲಕ್ಕಿಂತ ಗಂಭೀರ. ಮೊದಲ ಮಳೆಯ ಕೊಳೆನೀರನ್ನು ಹೊರಬಿಡಬೇಕು, ತೊಟ್ಟಿಗೆ ಬೆಳಕು ತಾಗದಂತೆ ಮುಚ್ಚಬೇಕು, ಕುಡಿಯುವ ಮುನ್ನ ಶುದ್ಧಗೊಳಿಸಲೇಬೇಕು. ಮಲದ ಸೋಂಕಿದ್ದರೆ ಕಪ್ಪಾಗುವ ಚಿಕ್ಕ ಪರೀಕ್ಷಾ ಬಾಟಲಿಗಳು ಸಿಗುತ್ತವೆ. ಶಿಕ್ಷಕರ ಎದುರಿನಲ್ಲಿ ಹೈಸ್ಕೂಲು ಮಕ್ಕಳು ಅವನ್ನು ಬಳಸಬಲ್ಲರು.

ಮುಂಗಾರಿಗೆ ಮೊದಲು ಎಸ್‌ಡಿಎಂಸಿ ಸಭೆ ಕರೆಯಿರಿ. ನಿಮ್ಮ ಶಾಲೆಯ ಪೈಪು, ನಲ್ಲಿ, ತೊಟ್ಟಿಗಳ ಸ್ಥಿತಿಯನ್ನು ಬರೆಯಿರಿ. ರಿಪೇರಿ ಹಣಕ್ಕೆ ಗ್ರಾಮ ಪಂಚಾಯಿತಿಗೆ ಅದೇ ದಿನ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.